ರಸಿಕನ ಋಣ

ತನ್ನ ಹದಿನೇಳನೆಯ ವಯಸ್ಸಿನಲ್ಲಿ ತನಗೆ ಪರಮಾನಂದವನ್ನು ಕೊಟ್ಟ ಕೃತಿಯೊಂದನ್ನು ಕುರಿತು, ನಲವತ್ತೇಳನೆಯ ವಯಸ್ಸಿನಲ್ಲಿ "ಇದು ಅಷ್ಟೇನೂ ಉತ್ತಮವಾದುದಲ್ಲ" ಎಂದು ಹೇಳುವವನು ಕೃತಘ್ನನೋ ಸತ್ಯಸಂಧನೋ? ಹಾಗೆ ಹೇಳದೆ, ಅಂದಿನ ಸಂತೋಷದ ಸಾಲವನ್ನು ಇಂದಿನ ಹೊಗಳಿಕೆಯಿಂದ ತೀರಿಸುತ್ತ ಬರುವವನು ಸಜ್ಜನನೋ ಆತ್ಮವಂಚಕನೋ? ಕಾಳಿದಾಸಾದಿಗಳ ವಿಷಯದಲ್ಲಿ ಕಾಲಪುರುಷನು ನಮಗಿಂತ ಮುಂಚೆಯೇ ತೀರ್ಪು ಬರೆದಿಟ್ಟಿರುವುದರಿಂದ ಈ ಇಕ್ಕಟ್ಟು ನಮಗೆ ಅಷ್ಟಾಗಿ ತಟ್ಟುವುದಿಲ್ಲ. ತೀರ್ಪು ಇನ್ನೂ ಆಗದ, ಸಾಕ್ಷಿಗಳು ಇನ್ನೂ ಬದುಕಿರುವ ವ್ಯವಹಾರವೊಂದನ್ನು ಎತ್ತಿಕೊಂಡರೆ ಪ್ರಶ್ನೆಯ ಮೊನೆ ತಿಳಿಯುತ್ತದೆ. ಇಂಗ್ಲೆಂಡಿನ ಓಯಸಿಸ್ ಎಂಬ ಗಾಯಕಮೇಳದ ಕಥೆ ಅಂತಹದು. ಪಾಠಶಾಲೆಯಲ್ಲಿ ಸಾಹಿತ್ಯದರ್ಪಣವನ್ನು ಉರುಹಾಕಿ ಬೆಳೆದವನಿಗೆ ಈ ಗಿಟಾರಿನವರ ಗೊಡವೆ ಏಕೆಂದು ವಾಚಕಮಹಾಶಯರು ನಗಬಹುದು. ನನ್ನ ಮಗನ ಪ್ರಾಯದವರು ಈ ಮೇಳದ ಹೆಸರೆತ್ತಿದೊಡನೆ ಎರಡು ಪಂಗಡವಾಗಿ ವಾದಿಸುವುದನ್ನು ಕೇಳಿ, ವಾದದಲ್ಲಿ ರುಚಿ ಹುಟ್ಟಿ, ಅನಂತರ ಗೀತಗಳನ್ನೂ ಕೇಳಿದೆನು. ಗೀತಗಳಿಗಿಂತ ವಾದವೇ ಸ್ವಾರಸ್ಯವಾಗಿದೆಯೆಂದರೆ ಅವರು ಕ್ಷಮಿಸಲಿ.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೇಳವು 1991ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಹುಟ್ಟಿತು. ಐರ್ಲೆಂಡಿನಿಂದ ಬಂದು ನೆಲೆಸಿದ ಶ್ರಮಜೀವಿಗಳ ಮನೆಯ ಸೋದರರಿಬ್ಬರು ಇದಕ್ಕೆ ಆಧಾರಸ್ತಂಭಗಳು: ಹಿರಿಯನಾದ ನೋಯೆಲ್ ಗ್ಯಾಲಹರ್ ಗೀತಗಳನ್ನು ಕಟ್ಟತಕ್ಕವನು, ಕಿರಿಯನಾದ ಲಿಯಮ್ ಹಾಡತಕ್ಕವನು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು. 1994ರ ಆಗಸ್ಟಿನಲ್ಲಿ 'ಡೆಫಿನಿಟ್ಲಿ ಮೇಬಿ' ಎಂಬ ಮೊದಲನೆಯ ಗೀತಸಂಪುಟವೂ, 1995ರ ಅಕ್ಟೋಬರಿನಲ್ಲಿ 'ಮಾರ್ನಿಂಗ್ ಗ್ಲೋರಿ' ಎಂದು ಜನರು ಕರೆಯುವ ಎರಡನೆಯದೂ ಹೊರಬಿದ್ದುವು. 1960ರ ದಶಕದ ಇಂಗ್ಲಿಷ್ ಗಿಟಾರ್ ಗೀತದ ಮರ್ಯಾದೆಯನ್ನು ಮರಳಿ ತರಬೇಕೆಂಬ ಆ ಕಾಲದ ಉತ್ಸಾಹಕ್ಕೆ 'ಬ್ರಿಟ್‌ಪಾಪ್' ಎಂದು ಹೆಸರು ಬಿದ್ದಿತ್ತು. ಬ್ಲರ್, ಪಲ್ಪ್, ಸ್ವೇಡ್ ಮೊದಲಾದವರೂ ಅದರವರೇ. ಅವರೊಳಗೆ ಜನಸಾಮಾನ್ಯರ ನಾಲಗೆಯ ಮೇಲೆ ಹೆಚ್ಚಾಗಿ ನಿಂತವರು ಇವರು. 1996ರ ಆಗಸ್ಟ್ 10 ಮತ್ತು 11ರಂದು ನೆಬ್‌ವರ್ತ್ ಎಂಬಲ್ಲಿ ನಡೆದ ಎರಡು ದಿನದ ಗಾಯನಕ್ಕೆ ಎರಡೂವರೆ ಲಕ್ಷ ಜನ ಸೇರಿದರು. ಪ್ರವೇಶಕ್ಕಾಗಿ ಕೇಳಿಕೊಂಡವರೋ 25 ಲಕ್ಷಕ್ಕೂ ಹೆಚ್ಚು.

ಮುಖ್ಯವಾದ ಸಂಗತಿ ಈಗ ಬರುತ್ತದೆ. ಎರಡನೆಯ ಸಂಪುಟವು ಬಂದಾಗ ಪತ್ರಿಕೆಗಳ ವಿಮರ್ಶಕರಲ್ಲಿ ಅನೇಕರು ಮೂಗು ಮುರಿದಿದ್ದರು. ಜನರು ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಲೋಕದಾದ್ಯಂತ ಎರಡು ಕೋಟಿಗೂ ಮೀರಿ ಮಾರಿತು. ವಿಮರ್ಶಕರಿಗೆ ನಾಚಿಕೆಯಾಯಿತು. 1997ರ ಆಗಸ್ಟ್ 21ರಂದು 'ಬಿ ಹಿಯರ್ ನೌ' ಎಂಬ ಮೂರನೆಯ ಸಂಪುಟವು ಹೊರಟಾಗ ಅವರೇ ಪೈಪೋಟಿಯಿಂದ ಅದನ್ನು ಆಕಾಶಕ್ಕೇರಿಸಿದರು. ಬ್ರಿಟನ್ ಒಂದರಲ್ಲೇ ಮೊದಲನೆಯ ದಿನ 4 ಲಕ್ಷಕ್ಕಿಂತ ಹೆಚ್ಚು ಪ್ರತಿಗಳು ಖರ್ಚಾದುವು. ಕೆಲವು ತಿಂಗಳು ಕಳೆಯುವುದರೊಳಗೆ ಅಮಲು ಇಳಿಯಿತು. ಸಂಪುಟದ ಒಟ್ಟು ಉದ್ದ 71 ನಿಮಿಷ. ಒಂದು ಗೀತವಂತೂ 9 ನಿಮಿಷವಾದರೂ ಮುಗಿಯುವುದಿಲ್ಲ. ಗಿಟಾರಿನ ಮೇಲೆ ಗಿಟಾರು ಪದರಪದರವಾಗಿ ಬಿದ್ದು ರಾಗದ ಉಸಿರು ಕಟ್ಟುತ್ತದೆ. ಕೊಂಡವರು ಅದನ್ನು ಹಳೆಯ ಸಾಮಾನಿನ ಅಂಗಡಿಗಳಿಗೆ ಸಾಗಿಸಿದರು. ಬ್ರಿಟ್‌ಪಾಪ್ ಎಂಬ ಹಬ್ಬಕ್ಕೆ ಅದೇ ಉತ್ತರಪೂಜೆಯಾಯಿತೆಂದು ಹೇಳುವವರುಂಟು. ನೋಯೆಲನೇ ಅದನ್ನು ಬಾರಿಬಾರಿಗೂ ಹಳಿದಿದ್ದಾನೆ. 2016ರಲ್ಲಿ ಮರುಮುದ್ರಣದ ಸಂದರ್ಭದಲ್ಲಿ ಅದನ್ನು ತಿದ್ದಲು ಕುಳಿತು, ಒಂದು ಗೀತವನ್ನು ತಿದ್ದಿ, ಉಳಿದದ್ದನ್ನು ಕೈಬಿಟ್ಟನು. ಲಿಯಮನಾದರೋ ಇಂದಿಗೂ ಅದರ ಪಕ್ಷಪಾತಿ. ಹೀಗೆ ಅಭಿಮಾನಿಗಳ ಎರಡು ಪಂಗಡಗಳೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿವೆ.

ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರನು ಭಾವಕರನ್ನು, ಎಂದರೆ ಕೃತಿಯನ್ನು ಸವಿದು ಬೆಲೆಕಟ್ಟುವವರನ್ನು, ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಯಾವುದೂ ರುಚಿಸದವನು ಅರೋಚಕಿ. ಕಾಳು ಹುಲ್ಲೆನ್ನದೆ ಎಲ್ಲವನ್ನೂ ಮೇಯುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಬಾಯಿಬಿಡದವನು ಮತ್ಸರಿ. ಸಾವಿರಕ್ಕೊಬ್ಬನಾಗಿ ಸಿಕ್ಕತಕ್ಕವನು ತತ್ತ್ವಾಭಿನಿವೇಶಿ. ಅರೋಚಕತೆಯಲ್ಲಿಯೂ ಎರಡು ವಿಧವೆಂದು ಅವನ ಮತ. ಹುಟ್ಟಿನಿಂದ ಬಂದದ್ದಕ್ಕೆ ಮದ್ದಿಲ್ಲ. ಜ್ಞಾನದಿಂದ ಬಂದದ್ದು ನಿಜವಾಗಿ ಉತ್ತಮವಾದುದು ಎದುರಾದರೆ ತಾನಾಗಿ ಕರಗುತ್ತದೆ. ಓಯಸಿಸ್ ಮೇಳದ ಏಳು ಸಂಪುಟಗಳೂ ಸಮಾನವೆನ್ನುವ ಅಭಿಮಾನಿಯನ್ನೂ, ಮೊದಲೆರಡನ್ನು ಬಿಟ್ಟರೆ ಉಳಿದದ್ದೆಲ್ಲ ಹೊಟ್ಟೆಂದು ತಳ್ಳುವವನನ್ನೂ ಈ ಗೂಡುಗಳಲ್ಲಿ ಕೂಡಿಸುವುದು ಕಷ್ಟವಲ್ಲ. ಆದರೆ 1997ರ ಆ ವಿಮರ್ಶಕರಿಗೆ ರಾಜಶೇಖರನಲ್ಲಿ ಸ್ಥಳವಿಲ್ಲ. ಅವರು ಲಜ್ಜೆಯಿಂದ ಹೊಗಳಿದವರು. ಹಿಂದೆ ಒಂದು ಕೃತಿಗೆ ಕೊಡದೆಹೋದ ಮೆಚ್ಚಿಕೆಯನ್ನು ಬಡ್ಡಿಸಮೇತ ಮತ್ತೊಂದು ಕೃತಿಗೆ ಕೊಟ್ಟರು. ಪರೀಕ್ಷೆಯಲ್ಲಿ ಬುದ್ಧಿವಂತ ಹುಡುಗನಿಗೆ ಅನ್ಯಾಯವಾಗಿ ಕಡಿಮೆ ಅಂಕ ಹಾಕಿದ ಉಪಾಧ್ಯಾಯನು, ಮರುವರ್ಷ ಅವನ ತಪ್ಪು ಉತ್ತರಗಳಿಗೂ ಪೂರ್ಣಾಂಕವನ್ನು ಹಾಕಿದರೆ ನ್ಯಾಯವಾದೀತೆ? ಅನ್ಯಾಯವು ಎರಡಾಗುತ್ತದೆ; ಎರಡನೆಯದು ಹುಡುಗನನ್ನು ಕೆಡಿಸುತ್ತದೆ. "ಇದು ಉದ್ದವಾಯಿತು, ಮೊಟಕುಮಾಡು" ಎನ್ನುವ ಒಬ್ಬ ಮಿತ್ರನು ಆ ವರ್ಷ ನೋಯೆಲನ ಬಳಿಯಲ್ಲಿದ್ದಿದ್ದರೆ ನಮ್ಮ ಚರ್ಚೆಗೇ ಎಡೆಯಿರುತ್ತಿರಲಿಲ್ಲವೋ ಏನೋ.

ಇನ್ನೊಂದು ಆಕ್ಷೇಪವು ಕಳ್ಳತನದ್ದು. ಇವರ ರಾಗಗಳಲ್ಲಿ ಹಿಂದಿನವರ ರಾಗಗಳು ಕೇಳಿಬರುತ್ತವೆಂಬುದು ಸುಳ್ಳಲ್ಲ. 'ಶೇಕರ್‌ಮೇಕರ್' ಎಂಬುದು ಕೋಕಾ-ಕೋಲಾ ಜಾಹಿರಾತಿನಿಂದ ಪ್ರಸಿದ್ಧವಾದ ಹಳೆಯ ಗೀತವನ್ನು ಹೋಲಿದ್ದರಿಂದ ಹಣ ತೆತ್ತು ವ್ಯಾಜ್ಯವನ್ನು ಮುಗಿಸಿಕೊಳ್ಳಬೇಕಾಯಿತು. 'ವಾಟೆವರ್' ಎಂಬುದಕ್ಕೆ ನೀಲ್ ಇನ್ನೆಸ್ ಎಂಬ ಗೀತಕಾರನ ಹೆಸರನ್ನೂ ಕರ್ತೃಗಳಲ್ಲಿ ಸೇರಿಸಬೇಕಾಯಿತು. ಆನಂದವರ್ಧನನು ಕೃತಿಕೃತಿಗಳ ಸಾದೃಶ್ಯವನ್ನು ವಿಚಾರಿಸುವಾಗ, ಕನ್ನಡಿಯ ನೆರಳಿನಂತಿರುವುದು, ಚಿತ್ರದಂತಿರುವುದು, ಇಬ್ಬರು ಮನುಷ್ಯರ ದೇಹಗಳು ಒಂದನ್ನೊಂದು ಹೋಲುವಂತಿರುವುದು ಎಂದು ಮೂರು ಬಗೆ ಹೇಳಿ, ಮೊದಲೆರಡನ್ನು ಬಿಡಬೇಕು, ಮೂರನೆಯದನ್ನು ಬಿಡಬೇಕಾದ್ದಿಲ್ಲ ಎನ್ನುತ್ತಾನೆ. ಏಕೆಂದರೆ ಅದಕ್ಕೆ ತನ್ನದೇ ಆದ ಆತ್ಮವುಂಟು. ಈ ಒರೆಗಲ್ಲಿಗೆ ತಿಕ್ಕಿದರೆ 'ಶೇಕರ್‌ಮೇಕರ್' ನೆರಳೇ ಸರಿ. 'ಡೋಂಟ್ ಲುಕ್ ಬ್ಯಾಕ್ ಇನ್ ಆಂಗರ್' ಎಂಬುದರ ಆರಂಭದ ಪಿಯಾನೋ ನಾದವು ಜಾನ್ ಲೆನನ್ನನ 1971ರ 'ಇಮ್ಯಾಜಿನ್' ಗೀತದಿಂದ ಬಂದದ್ದೆಂಬುದನ್ನು ನನ್ನಂತಹ ಒರಟು ಕಿವಿಯವನೂ ಗುರುತಿಸಬಲ್ಲನು. ಹೆಸರು ಜಾನ್ ಆಸ್ಬರ್ನನ ನಾಟಕದ ಹೆಸರನ್ನು ನೆನಪಿಗೆ ತರುತ್ತದೆ. ಆದರೂ ಅದನ್ನು ಮೂರನೆಯ ಬಗೆಯಲ್ಲಿ ಸೇರಿಸಲು ನಾನು ಹಿಂದೆಗೆಯುವುದಿಲ್ಲ. ಮೈ ಎರವಿನದಾಗಿರಬಹುದು, ಉಸಿರು ಎರವಿನದಲ್ಲ.

ಈ ಗೀತಕ್ಕೆ 2017ರಲ್ಲಿ ಒದಗಿದ ಗತಿಯನ್ನು ಇಲ್ಲಿ ಹೇಳಲೇಬೇಕು. ಆ ವರ್ಷದ ಮೇ 22ರಂದು ಮ್ಯಾಂಚೆಸ್ಟರಿನ ಗಾಯನಮಂದಿರವೊಂದರಲ್ಲಿ ಬಾಂಬು ಸಿಡಿದು 22 ಜನ ಅಸುನೀಗಿದರು, ಮಕ್ಕಳೂ ಇದ್ದರು. ಮೂರು ದಿನಗಳ ಮೇಲೆ ಸೇಂಟ್ ಆನ್ಸ್ ಚೌಕದಲ್ಲಿ ಜನರು ಸೇರಿ ಒಂದು ನಿಮಿಷ ಮೌನವಾಗಿ ನಿಂತರು. ಮೌನವು ಮುಗಿದಾಗ ಗುಂಪಿನಲ್ಲಿದ್ದ ಹೆಂಗಸೊಬ್ಬಳು ಈ ಗೀತವನ್ನು ಮೆಲ್ಲನೆ ಎತ್ತಿದಳು, ಸುತ್ತಲಿದ್ದವರೆಲ್ಲರೂ ದನಿಗೂಡಿಸಿದರು. ಯಾರೂ ಏರ್ಪಡಿಸಿದ್ದಲ್ಲ. ಆಗ ಮೇಳವೇ ಇರಲಿಲ್ಲ; 2009ರ ಆಗಸ್ಟ್ 28ರಂದು ಪ್ಯಾರಿಸಿನಲ್ಲಿ ಸೋದರರು ಜಗಳವಾಡಿ ಬೇರೆಯಾಗಿ ಎಂಟು ವರ್ಷವಾಗುತ್ತ ಬಂದಿತ್ತು.

ಇದನ್ನು ಕೇಳಿ ಅಭಿಮಾನಿಯು, "ಈಗಲಾದರೂ ಒಪ್ಪುವಿರಾ? ಊರಿಗೆ ಊರೇ ಅಳುವಾಗ ಬಾಯಿಗೆ ಬಂದ ಗೀತವು ಕೀಳಾದೀತೆ?" ಎಂದು ಕೇಳುತ್ತಾನೆ. ಅರೋಚಕಿಯು, "ದುಃಖದಲ್ಲಿರುವವರು ಬಾಯಿಗೆ ಬಂದುದನ್ನು ಹಾಡುತ್ತಾರೆ, ಅದರಿಂದ ಪದಗಳಿಗೆ ಅರ್ಥ ಬಂದೀತೆ?" ಎನ್ನುತ್ತಾನೆ. ಆ ಪದಗಳ ಅನ್ವಯವನ್ನು ಹೇಳೆಂದರೆ ನಮ್ಮ ವ್ಯಾಕರಣದ ಗುರುಗಳು ಬೆತ್ತವನ್ನೇ ಹುಡುಕುತ್ತಿದ್ದರು, ನಿಜ. ನನಗೆ ತೋರುವುದು ಇಷ್ಟು: ಇಬ್ಬರೂ ಎರಡು ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಗೀತದ ಗುಣ ಒಂದು, ಗೀತವು ಮಾಡಿದ ಉಪಕಾರ ಇನ್ನೊಂದು. ಬೇಸಗೆಯ ದಾರಿಯಲ್ಲಿ ಮಡಕೆಯ ನೀರು ಕೊಟ್ಟು ಪ್ರಾಣವುಳಿಸಿದವಳಿಗೆ ನಾವು ಋಣಿಗಳು. ಅದಕ್ಕಾಗಿ ಆ ಮಡಕೆಯನ್ನು ಚಿನ್ನದ್ದೆಂದು ಸಾಧಿಸಬೇಕಾದ್ದಿಲ್ಲ, ಮಣ್ಣಿನದೆಂದು ತಿಳಿದಮಾತ್ರಕ್ಕೆ ನೀರು ಕುಡಿದದ್ದು ಸುಳ್ಳಾಗುವುದೂ ಇಲ್ಲ. ಹದಿನೇಳರ ಹುಡುಗನಿಗೆ, ಕೆಲಸವಿಲ್ಲದ ಊರಿನ ಮಳೆಗಾಲದ ಸಂಜೆಯಲ್ಲಿ, ನೀನೂ ಒಬ್ಬ ಮನುಷ್ಯನೆಂದು ಹೇಳಿದ ಧ್ವನಿಗೆ ಅವನು ಸಾಯುವವರೆಗೆ ಕೃತಜ್ಞನಾಗಿರಲಿ. ಅಷ್ಟರಿಂದ ಮೂರನೆಯ ಸಂಪುಟದ ಒಂಬತ್ತು ನಿಮಿಷದ ಗೀತವು ಚಿಕ್ಕದಾಗುವುದಿಲ್ಲ. ಅದನ್ನು ಉದ್ದವೆಂದು ಹೇಳಿದಾಗ ಆ ಹಳೆಯ ಸಂಜೆಗೆ ದ್ರೋಹವಾಗುವುದೂ ಇಲ್ಲ. ಕೃತಜ್ಞತೆಯನ್ನು ಸುಳ್ಳಿನ ನಾಣ್ಯದಲ್ಲಿ ತೆರುವುದಕ್ಕೆ ಯಾವ ಧರ್ಮಶಾಸ್ತ್ರವೂ ಒಪ್ಪಲಾರದು.

ಋಣವನ್ನು ವಸೂಲುಮಾಡುವವರೂ ಲೋಕದಲ್ಲಿದ್ದಾರೆ. ಸೋದರರು ಮತ್ತೆ ಒಂದಾಗುವರೆಂದು 2024ರ ಆಗಸ್ಟ್ 27ರಂದು ಪ್ರಕಟವಾಯಿತು. ಟಿಕೆಟು ಮಾರುವ ದಿನ, ಬೇಡಿಕೆ ಹೆಚ್ಚಿದಂತೆ ಬೆಲೆಯೂ ಏರುವ ಏರ್ಪಾಟಿನಿಂದ, 148 ಪೌಂಡಿನ ನಿಂತು ಕೇಳುವ ಜಾಗಕ್ಕೆ ಗಂಟೆಗಟ್ಟಲೆ ಕಾದವರು ಕೊನೆಗೆ 355 ಪೌಂಡನ್ನು ಕಂಡರು. ಬೆಲೆಯ ನಿರ್ಣಯವು ತಮ್ಮದಲ್ಲವೆಂದು ಮೇಳದವರು ತಿಳಿಸಿದರು. ಬೈದುಕೊಂಡೇ ಕೊಂಡವರು ಅನೇಕರು.

2025ರ ಜುಲೈ 4ರಂದು ಕಾರ್ಡಿಫ್ ನಗರದಲ್ಲಿ ಆರಂಭವಾದ ಆ ಯಾತ್ರೆಯಲ್ಲಿ ಸೋದರರು ರಾತ್ರಿಗೆ 23 ಗೀತಗಳನ್ನು ಹಾಡಿದರು. ಹೆಚ್ಚಿನವು ಮೊದಲೆರಡು ಸಂಪುಟಗಳ ಕಾಲದವು. ಅವುಗಳಲ್ಲಿ ಕೆಲವು ಆಗ ಸಂಪುಟಕ್ಕೆ ಸೇರದೆ, ಬಿಡಿಮುದ್ರಿಕೆಗಳ ಬೆನ್ನಿನ ಮೇಲೆ ಹೊರಟಿದ್ದುವು. ಬಹಳ ನಿಂದೆಗೆ ಪಾತ್ರವಾದ ಮೂರನೆಯ ಸಂಪುಟದಿಂದ ಎರಡನ್ನು ಆರಿಸಿದ್ದರು. ಆಮೇಲಿನ ನಾಲ್ಕು ಸಂಪುಟಗಳಿಂದ ಒಂದೇ ಒಂದು. ಆ ನಾಲ್ಕೂ ಬಂದ ಕಾಲದಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿದ್ದುವೇ. ಕರ್ತೃಗಳೇ ಬರೆದ ಈ ತೀರ್ಪಿನ ಮೇಲೆ ಅಭಿಮಾನಿಗಳು ಮೇಲ್ಮನವಿ ಹೂಡಿದ್ದಾರೆ. ಕೈಬಿಟ್ಟ ಗೀತಗಳ ಪಟ್ಟಿಯನ್ನು ಹಿಡಿದು, ಇದು ಏಕಿಲ್ಲ, ಅದಕ್ಕಿಂತ ಇದು ಮೇಲಲ್ಲವೆ ಎಂದು ನನ್ನ ಮಗನ ಗೆಳೆಯರು ಈಗಲೂ ಕಾದಾಡುತ್ತಾರೆ.