ಋಣವೋ, ದಾನವೋ?

ಒಬ್ಬನು ನ್ಯಾಯವಾಗಿ ದುಡಿದು ಗಳಿಸಿದ ಧನವು ಸಂಪೂರ್ಣವಾಗಿ ಅವನದೇ ಆಗುವುದೇ? ಅದರಲ್ಲಿ ಬಡವನಿಗೆ ಸಲ್ಲುವ ಪಾಲು ದಾನವೋ, ತೀರಿಸಲೇಬೇಕಾದ ಋಣವೋ? ಈ ಪ್ರಶ್ನೆಯನ್ನು ಎತ್ತದ ಮತವಿಲ್ಲ. ಇಸ್ಲಾಂ ಧರ್ಮವು ಇದಕ್ಕೆ ಉಪದೇಶದಿಂದ ಮಾತ್ರವಲ್ಲದೆ ಲೆಕ್ಕದಿಂದಲೂ ಉತ್ತರವಿತ್ತಿರುವುದು ವಿಚಾರಾರ್ಹವಾಗಿದೆ.

ಅರಸೀಕೆರೆಯ ಸೀಮೆಯನ್ನೇ ನೋಡಬಹುದು. ಇಲ್ಲಿ ತೆಂಗಿನಕಾಯಿಯು ಹೆಚ್ಚುಕಡಮೆ ಒಂದು ವರ್ಷ ಅಟ್ಟದ ಮೇಲೆ ಒಣಗಿ, ಕೊಬ್ಬರಿಯಾಗಿ ಪೇಟೆಗೆ ಬರುವುದು. ಮುಸಲ್ಮಾನ ವರ್ತಕನು ಮಾರಾಟದ ಸರಕನ್ನೂ ನಗದನ್ನೂ ವರ್ಷಕ್ಕೊಮ್ಮೆ ಎಣಿಸಿ, ಸಾಲವನ್ನು ಕಳೆದು, ಉಳಿದುದು ನಿಯತವಾದ ಮಿತಿಯನ್ನು ಮುಟ್ಟಿದ್ದರೆ ನಲವತ್ತರಲ್ಲೊಂದು ಪಾಲನ್ನು ಜಕಾತಾಗಿ ತೆಗೆದಿಡಬೇಕು. ಬೆಳೆಗೆ ಲೆಕ್ಕವು ಬೇರೆ. ಮಳೆಯಿಂದಾದ ಬೆಳೆಯಲ್ಲಿ ಹತ್ತರಲ್ಲೊಂದು; ಕಪಿಲೆ ಹೊಡೆದು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತರಲ್ಲೊಂದು. ಈ ವ್ಯತ್ಯಾಸದಲ್ಲಿಯೇ ತತ್ತ್ವವು ಅಡಗಿದೆ. ಮಳೆಯು ಯಾರ ಗಳಿಕೆಯೂ ಅಲ್ಲ; ಆದುದರಿಂದ ಅದರ ಫಲದಲ್ಲಿ ಇತರರ ಹಕ್ಕು ಹೆಚ್ಚು. ಬೆವರು ಹೆಚ್ಚಾದಲ್ಲಿ ಕೇಳುವ ಪಾಲು ಕಡಮೆ.

ಕಡ್ಡಾಯವಾಗಿ ಕೊಟ್ಟುದರಲ್ಲಿ ಪುಣ್ಯವೆಲ್ಲಿಯದು, ಕರುಣೆಯೆಲ್ಲಿಯದು ಎಂದು ಕೇಳುವವರುಂಟು. ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಕೊಡುವವನ ಕರುಣೆಯನ್ನೇ ನಂಬಿದರೆ ತೆಗೆದುಕೊಳ್ಳುವವನು ಅವನ ಬಾಗಿಲಲ್ಲಿ ತಲೆಬಾಗಿ ನಿಲ್ಲಬೇಕಾಗುವುದು. ಪಾಲು ಹಕ್ಕೆಂದಾದರೆ ಆ ದೈನ್ಯವು ತಪ್ಪುವುದು. ಕರುಣೆಗೂ ಎಡೆಯಿಲ್ಲದೆ ಹೋಗಿಲ್ಲ. ಜಕಾತಿನ ಮೇಲೆ ಸ್ವಇಚ್ಛೆಯಿಂದ ಕೊಡುವ ಸದಕಾ ಇದ್ದೇ ಇದೆ.

ಧನದ ಈ ಋಣವು ಅನ್ನದಿಂದಲೇ ತೀರುವುದೂ ಅಲ್ಲ. ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮ್ಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಮದರಸಾವನ್ನು ಕಟ್ಟಿಸಿ, ಅದಕ್ಕೆ ಗ್ರಂಥಭಂಡಾರವನ್ನೂ ಸೇರಿಸಿದನು. 1481ರಲ್ಲಿ ಶತ್ರುಗಳು ಸೃಷ್ಟಿಸಿದ ಕಳ್ಳಪತ್ರವನ್ನು ನಂಬಿ ಸುಲ್ತಾನನು ಅವನನ್ನು ಕೊಲ್ಲಿಸಿದನು. ಮಂತ್ರಿಯ ಪದವಿಯು ಹೋಯಿತು; ವಿದ್ಯಾಲಯದ ಗೋಡೆಗಳು ಅರ್ಧ ಮುರಿದರೂ ಇಂದಿಗೂ ನಿಂತಿವೆ. ಬೆಂಗಳೂರಿನಲ್ಲಿ 1966ರಲ್ಲಿ ಸ್ಥಾಪಿತವಾದ ಅಲ್ ಅಮೀನ್ ವಿದ್ಯಾಸಂಸ್ಥೆಯು ಅದೇ ದಾರಿಯನ್ನು ಹೊಸ ಕಾಲಕ್ಕೆ ಹೊಂದಿಸಿತು.

ಆದರೆ ನಿಯಮದ ಹೆಸರೇ ನಿಯಮವಲ್ಲ. ಇಸ್ಲಾಂ ಬಡ್ಡಿಯನ್ನು ನಿಷೇಧಿಸಿರುವುದು ಒಬ್ಬನ ಕಷ್ಟವು ಇನ್ನೊಬ್ಬನ ಲಾಭವಾಗಬಾರದೆಂದು. 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯು ಕುಸಿದಾಗ, ಬಡ್ಡಿಯಿಲ್ಲದ ಧರ್ಮಸಮ್ಮತ ಲಾಭವೆಂಬ ಮಾತನ್ನು ನಂಬಿ ಹಣವಿಟ್ಟಿದ್ದ ಸಾವಿರಾರು ಕುಟುಂಬಗಳು ಮೋಸಹೋದವು. ಮದುವೆಗೆಂದೂ ಮುಪ್ಪಿಗೆಂದೂ ಕೂಡಿಟ್ಟುದು ಹೋಯಿತು. ಅಲ್ಲಿ ಬಡ್ಡಿಯೆಂಬ ಶಬ್ದವಿರಲಿಲ್ಲ. ಬಡ್ಡಿಯನ್ನು ನಿಷೇಧಿಸಿದ ಧರ್ಮಬುದ್ಧಿಯೂ ಇರಲಿಲ್ಲ. ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಮಾರುವ ಈ ಅಪಾಯವು ಒಂದೇ ಮತಕ್ಕೆ ಸೇರಿದುದಲ್ಲ.

ಕೆರೆ ಕಟ್ಟಿಸುವುದನ್ನೂ ಅರವಟ್ಟಿಗೆ ಇಡಿಸುವುದನ್ನೂ ಧರ್ಮವೆಂದೇ ಕರೆದ ನಾಡಿಗೆ ಈ ವಿಚಾರವು ಹೊರಗಿನದೆನಿಸಲಾರದು. ಕೆರೆಯ ನೀರನ್ನು ಕುಡಿಯುವವನು ಕಟ್ಟಿಸಿದವನಿಗೆ ಕೈಮುಗಿದು ನಿಲ್ಲಬೇಕಿಲ್ಲ, ನೀರು ಅವನದೇ. ಧನವೂ ಹಾಗೆ ಹರಿಯುವಲ್ಲಿ ಕೊಡುವವನಿಗೆ ಗರ್ವವಿಲ್ಲ, ಪಡೆಯುವವನಿಗೆ ನಾಚಿಕೆಯಿಲ್ಲ. ಕೊಟ್ಟುದು ದಾನವೋ ಋಣವೋ ಎಂಬುದನ್ನು ತಿಳಿಯಲು ಕೊಟ್ಟವನ ಹೆಸರನ್ನು ಕೆತ್ತಿದ ಕಲ್ಲನ್ನು ನೋಡಬೇಕಿಲ್ಲ. ಪಡೆದವನು ತಲೆಯೆತ್ತಿ ನಡೆಯುವನೇ ಎಂಬುದನ್ನು ನೋಡಿದರೆ ಸಾಕು.