ಮಳೆ ನಿಂತ ಮೇಲೆ

ಶಿವಮೊಗ್ಗದಲ್ಲಿ ನಾನು ಬಾಡಿಗೆಗಿದ್ದ ಕೋಣೆ ಮೂರನೇ ಮಹಡಿಯದು. ಅದರ ಮೇಲೆ ಬರೀ ತಾರಸಿ. ಮೊದಲ ಮಳೆಗಾಲದ ಜುಲೈನಲ್ಲಿ ಒಂದು ರಾತ್ರಿ ಟಪ್ ಟಪ್ ಸದ್ದಿಗೆ ಎಚ್ಚರವಾಯಿತು. ಫ್ಯಾನಿನ ಪಕ್ಕದಿಂದ ಇಳಿದ ನೀರು ಮೇಜಿನ ಮೇಲಿನ ಟಿಪ್ಪಣಿಗಳ ಮೇಲೆ ಬೀಳುತ್ತಿತ್ತು. ಮೊದಲು ಮೇನ್ ಸ್ವಿಚ್ ಆರಿಸಿದೆ, ಆಮೇಲೆ ಬಕೆಟ್ ಇಟ್ಟೆ, ಕೊನೆಗೆ ಪುಸ್ತಕಗಳನ್ನು ಮಂಚಕ್ಕೆ ಸಾಗಿಸಿದೆ. ಸಂಶೋಧನೆಗೆ ಸೇರಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಇಷ್ಟು ಸ್ಪಷ್ಟವಾಗಿ ಹೊಳೆದದ್ದು ಅದೇ ಮೊದಲು.

ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿದೆ. “ಮಳೇಲಿ ಏನೂ ಮಾಡೋಕಾಗಲ್ಲ ಕಣ್ರೀ, ಬಿಸಿಲು ಬರ್ಲಿ” ಎಂದರು. ಅದು ಪೂರ್ತಿ ಸುಳ್ಳೇನಲ್ಲ. ತಾರಸಿಗೆ ಬಳಿಯುವ ಬಹುಪಾಲು ವಾಟರ್‌ಪ್ರೂಫಿಂಗ್ ಬಣ್ಣಗಳು, ಅಂಟಿಸುವ ಪಟ್ಟಿಗಳು ಒದ್ದೆ ಕಾಂಕ್ರೀಟನ್ನು ಕಚ್ಚಿಕೊಳ್ಳುವುದಿಲ್ಲ; ಗುಳ್ಳೆಯೆದ್ದು ಸುಲಿದು ಬರುತ್ತವೆ. ಮಳೆಗಾಲದಲ್ಲಿ ಆಗುವುದು ತಾತ್ಕಾಲಿಕ ರಿಪೇರಿ ಮಾತ್ರ. ನಾನು ಹಟ ಹಿಡಿದ ಮೇಲೆ ಅವರು ಕಳಿಸಿದ ಮೇಸ್ತ್ರಿ ಮಾಡಿದ್ದೂ ಅದನ್ನೇ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಮೇಸ್ತ್ರಿ ಪಾಚಿಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಹೋಗಿ, ಮೊದಲು ಪೈಪಿನ ಬಾಯಿಗೆ ಕಟ್ಟಿಕೊಂಡಿದ್ದ ಎಲೆಗಳನ್ನು ತೆಗೆದರು. ಪಾದ ಮುಳುಗುವಷ್ಟು ನಿಂತಿದ್ದ ನೀರು ಗಳಗಳನೆ ಇಳಿಯಿತು. ಬಿರುಕು ಸಿಕ್ಕಿದ್ದು ನನ್ನ ಮೇಜಿನ ನೇರಕ್ಕಲ್ಲ, ದೂರದಲ್ಲಿ, ಪ್ಯಾರಾಪೆಟ್ ಗೋಡೆಯ ಬುಡದಲ್ಲಿ. “ನೀರು ಒಳಗೆ ಹೋಗೋ ಜಾಗನೇ ಬೇರೆ, ಬೀಳೋ ಜಾಗನೇ ಬೇರೆ” ಎಂದರು. ಬಿರುಕಿಗೆ ಬೇಗ ಗಟ್ಟಿಯಾಗುವ ಸಿಮೆಂಟು ಒತ್ತಿ, ಅದರ ಮೇಲೆ ಟಾರ್ಪಾಲು ಹಾಸಿ, ಅಂಚನ್ನು ಗೋಡೆಯ ಆಚೆಗೆ ಇಳಿಬಿಟ್ಟು ಇಟ್ಟಿಗೆ ಹೇರಿದರು. ಮೊಳೆ ಹೊಡೆಯಲಿಲ್ಲ, ಮೊಳೆ ಹೊಡೆದರೆ ಅದೇ ಇನ್ನೊಂದು ತೂತು. ಹೋಗುವಾಗ ಹೇಳಿದರು: “ಇದು ದೀಪಾವಳಿ ತನಕ. ಆಮೇಲೆ ನನ್ನನ್ನ ಕರೀರಿ.”

ದೀಪಾವಳಿ ಬಂತು. ಸೋರುವುದು ನಿಂತಿತ್ತು. ಮಾಲೀಕರು ಕರೆಯಲಿಲ್ಲ, ನಾನೂ ನೆನಪಿಸಲಿಲ್ಲ. ಒಣಗಿದ ಕೋಣೆಯಲ್ಲಿ ಕೂತವನಿಗೆ ನೀರಿನ ನೆನಪು ಯಾಕೆ ಬೇಕು? ಮಾರ್ಚ್ ಹೊತ್ತಿಗೆ ಟಾರ್ಪಾಲು ಬಿಸಿಲಿಗೆ ಎಳೆಎಳೆಯಾಗಿ ಹರಿದಿತ್ತು. ಎರಡನೇ ಮಳೆಗಾಲಕ್ಕೆ ಮತ್ತೆ ಅದೇ ಬಕೆಟ್, ಅದೇ ಫೋನ್, ಹೊಸ ಟಾರ್ಪಾಲು.

ತಾತ್ಕಾಲಿಕ ರಿಪೇರಿ ಕೆಡುವುದು ಅದು ದುರ್ಬಲ ಎಂಬ ಕಾರಣಕ್ಕಲ್ಲ, ಅದು ಕೆಲಸ ಮಾಡುತ್ತದೆ ಎಂಬ ಕಾರಣಕ್ಕೆ ಎಂದು ನನಗೆ ಅನ್ನಿಸಿದ್ದು ಆಗ. ಹನಿ ನಿಂತ ಕೂಡಲೇ ದೂರೂ ನಿಲ್ಲುತ್ತದೆ. ಆದರೆ ಸ್ಲ್ಯಾಬಿನೊಳಗೆ ಸೇರಿದ ನೀರು ಸುಮ್ಮನಿರುವುದಿಲ್ಲ. ಅದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ಕಾಂಕ್ರೀಟನ್ನು ಸೀಳುತ್ತದೆ. ಒಂದು ದಿನ ಸೂರಿನ ಚಕ್ಕೆ ಕಳಚಿ ಬೀಳುತ್ತದೆ. ಬೀಳುವುದು ಆ ದಿನ ಅಲ್ಲಿ ಮಲಗಿದ್ದವರ ಮೇಲೆ.

ನಮ್ಮೂರು ಕೊಪ್ಪಳ ಜಿಲ್ಲೆಯಲ್ಲಿದೆ. ನಾನು ಹುಟ್ಟಿದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ಅದೂ ಮಟ್ಟಸವಾದ ಸೂರೇ: ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪ ಬಂಡಿಯಲ್ಲಿ ಸವಳು ಮಣ್ಣು ತರುತ್ತಿದ್ದ. ನಾವು ಬುಟ್ಟಿಯಲ್ಲಿ ಮೇಲೆ ಸಾಗಿಸಿ ಹರಡುತ್ತಿದ್ದೆವು. ಬೆಳೆಗೆ ಬಾರದ ಆ ಉಪ್ಪುಮಣ್ಣು ನೀರು ತಾಗಿದರೆ ನುಣ್ಣಗೆ ಕರಗಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ಮಳೆ ಜೋರಾದರೆ ಅವ್ವ ರಾತ್ರಿಯಲ್ಲೂ ಎದ್ದು ಪಾತ್ರೆ ಇಡುತ್ತಿದ್ದಳು. “ಹೋದ್ವರ್ಷ ಹಾಕಿದ್ದು ಹೋದ್ವರ್ಷಕ್ಕ ಆತು” ಎಂಬುದು ಅಪ್ಪನ ಮಾತು.

ಅಲ್ಲಿ ಎಲ್ಲ ರಿಪೇರಿಯೂ ತಾತ್ಕಾಲಿಕವೇ. ಹಾಗಾಗಿ ಯಾರೂ ಅದನ್ನು ಮರೆಯುತ್ತಿರಲಿಲ್ಲ. ಮಣ್ಣಿನ ಮನೆಯೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ಬುಟ್ಟಿಗಳ ಭಾರ ನನ್ನ ತಲೆಗೆ ಇನ್ನೂ ನೆನಪಿದೆ. ಹೇಳುತ್ತಿರುವುದು ಇಷ್ಟೇ: ಸಿಮೆಂಟು ನಮಗೆ ಗಟ್ಟಿ ಸೂರಿನ ಜೊತೆಗೆ ಮರೆಯುವ ಅನುಕೂಲವನ್ನೂ ಕೊಟ್ಟಿತು. ತಾತ್ಕಾಲಿಕ ರಿಪೇರಿ ಎಂದರೆ ಮಳೆಯಿಂದ ತೆಗೆದುಕೊಂಡ ಸಾಲ. ಸಾಲ ಮಾಡುವುದು ತಪ್ಪಲ್ಲ. ತೀರಿಸುವ ದಿನವನ್ನು ಮರೆಯುವುದು, ಅದಕ್ಕಿಂತ ಹೆಚ್ಚಾಗಿ ಅದನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ತಪ್ಪು.

ಈ ಮಾತು ಹೇಳಲು ನನಗೆಷ್ಟು ಹಕ್ಕಿದೆ ಎಂಬುದು ಈ ಫೆಬ್ರವರಿಯಲ್ಲಿ ಗೊತ್ತಾಯಿತು. ಕೋಣೆ ಖಾಲಿ ಮಾಡುತ್ತಿದ್ದೆ. ಮಾಲೀಕರು ಸೂರಿನ ಕಲೆಗೆ ಪುಟ್ಟಿ ಹಚ್ಚಿಸಿ ಬಿಳಿ ಬಣ್ಣ ಹೊಡೆಸಿದ್ದರು. ಕೋಣೆ ನೋಡಲು ಒಬ್ಬ ಎಂ.ಎ. ಹುಡುಗ ಬಂದ. “ರೂಮ್ ಹೇಗಿದೆ ಅಣ್ಣಾ?” ಎಂದು ಕೇಳಿದ. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ನನ್ನ ಅಡ್ವಾನ್ಸ್ ಇನ್ನೂ ಅವರ ಕೈಯಲ್ಲಿತ್ತು. “ಗಾಳಿ, ಬೆಳಕು ಚೆನ್ನಾಗಿದೆ” ಎಂದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರ ಮೂರನೇ ಭಾಗದಲ್ಲಿ ಒಂದು ಮನೆ ಮಾರಾಟಕ್ಕಿದೆ. ಅದರ ಮರಮುಟ್ಟು ಕೆಟ್ಟಿದೆ, ಮಲಗುವ ಕೋಣೆಗಳಲ್ಲಿ ಹಾವು ಬರುತ್ತವೆ. ಇದು ಮಾಲೀಕನಿಗೆ ಮಾತ್ರ ಗೊತ್ತು. ಕೊಳ್ಳುವವನಿಗೆ ಹೇಳಬೇಕೇ? ಡಯೋಜಿನಿಸ್ ಎಂಬ ಸ್ಟೋಯಿಕ್ ಗುರುವಿನ ವಾದದಲ್ಲಿ, ಹೇಳದಿರುವುದೂ ಮುಚ್ಚಿಡುವುದೂ ಒಂದೇ ಅಲ್ಲ, ಕೊಳ್ಳುವವನಿಗೂ ಕಣ್ಣಿದೆ. ಅವನ ಶಿಷ್ಯ ಆಂಟಿಪೇಟರ್‌ನ ಪ್ರಕಾರ ಹೇಳಲೇಬೇಕು. ಸಿಸೆರೊ ಶಿಷ್ಯನ ಕಡೆಗೆ ನಿಲ್ಲುತ್ತಾನೆ: ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ತನ್ನ ಲಾಭಕ್ಕಾಗಿ ಇನ್ನೊಬ್ಬನಿಗೆ ಗೊತ್ತಾಗದಂತೆ ನೋಡಿಕೊಂಡರೆ ಅದು ಮುಚ್ಚಿಡುವುದೇ.

ಆ ಮನೆ ನನ್ನದಲ್ಲ, ನಾನು ಮಾರುತ್ತಲೂ ಇರಲಿಲ್ಲ ಎಂದು ವಾದಿಸಬಹುದಿತ್ತು. ಆದರೆ ಲಾಭ ನನಗೂ ಇತ್ತು. ಬಿಳಿ ಬಣ್ಣ ಮಾಲೀಕರ ಪುಟ್ಟಿಯಾದರೆ, “ಗಾಳಿ, ಬೆಳಕು” ನನ್ನ ಪುಟ್ಟಿ. ಬಕೆಟ್ ಸೋರಿಕೆಯನ್ನು ಒಪ್ಪಿಕೊಳ್ಳುತ್ತದೆ, ಟಾರ್ಪಾಲು ಅದನ್ನು ಮುಂದೂಡುತ್ತದೆ. ಪುಟ್ಟಿ ಮಾತ್ರ ಸೋರಿಕೆಯೇ ಇಲ್ಲ ಎನ್ನುತ್ತದೆ. ಅದು ತಾತ್ಕಾಲಿಕ ರಿಪೇರಿ ಕೂಡ ಅಲ್ಲ.

ಹುಡುಗ ಹೋಗುವಾಗ ನಂಬರ್ ಕೊಟ್ಟು ಹೋಗಿದ್ದ. ರಾತ್ರಿ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ: ಬಿರುಕು ಎಲ್ಲಿದೆ, ಹನಿ ಎಲ್ಲಿ ಬೀಳುತ್ತದೆ, ಚಕ್ಕೆ ಕಳಚಬಹುದು, ಮಂಚ ಯಾವ ಗೋಡೆಗೆ ಹಾಕಬೇಕು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಈ ಬಾಡಿಗೆಗೆ ಬೇರೆ ಕಡೆ ಸಿಗಲ್ಲಣ್ಣ. ಬಕೆಟ್ ಬಿಟ್ಟು ಹೋಗ್ತೀರಾ?” ಎಂದ.

ಬೆಳಿಗ್ಗೆ ಮಾಲೀಕರಿಗೂ ವಿಷಯ ತಿಳಿಸಿದೆ. ಅವರು ಬಣ್ಣದ ಖರ್ಚನ್ನು ನನ್ನ ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ನಾನು ನಿಜ ಹೇಳಿದ್ದರಿಂದ ಬಿರುಕೇನೂ ಮುಚ್ಚಲಿಲ್ಲ. ಅದು ಈಗಲೂ ಅಲ್ಲೇ ಇದೆ. ಬಕೆಟ್ಟಿನ ಜೊತೆಗೆ ಮೇಸ್ತ್ರಿಯ ನಂಬರನ್ನೂ ಹುಡುಗನಿಗೆ ಕೊಟ್ಟು ಬಂದೆ. “ಮಳೆ ಇರುವಾಗ ಬೇಡ, ನಿಂತ ಮೇಲೆ ಮರೀದೆ ಕರಿ” ಎಂದೆ. ನನ್ನ ಮೊಬೈಲಿನಲ್ಲೂ ದೀಪಾವಳಿಯ ಮಾರನೇ ದಿನಕ್ಕೆ ಅವನ ಹೆಸರು ಗುರುತು ಹಾಕಿಕೊಂಡಿದ್ದೇನೆ.