ಮಳೆ ತೊಳೆದೊಯ್ದ ವಿಷಕ್ಕೆ ಕರ್ತೃ ಯಾರು?

ಕೊಳವೆಯಿಂದ ನದಿಗೆ ವಿಷ ಬಿಟ್ಟವನನ್ನು ಗುರುತಿಸುವುದು ಸುಲಭ. ಮಳೆಯೇ ತೊಳೆದೊಯ್ದ ವಿಷಕ್ಕೆ ಹೊಣೆ ಯಾರದು?

ಅಮೆರಿಕದ 1972ರ ಶುದ್ಧ ಜಲ ಕಾಯಿದೆಯು ಕೊಳವೆ, ಕಾಲುವೆಗಳಂತಹ ನಿಶ್ಚಿತ ಮೂಲಗಳನ್ನು ಅನುಮತಿಗೆ ಒಳಪಡಿಸಿತು. 1987ರ ತಿದ್ದುಪಡಿಯು ನಗರ ಹಾಗೂ ಕೈಗಾರಿಕೆಗಳ ಮಳೆನೀರಿನ ಹರಿವನ್ನೂ ಆ ವ್ಯವಸ್ಥೆಗೆ ತಂದಿತು. ಕಟ್ಟಡ ಕಾಮಗಾರಿಗಳಿಗೆ 1990ರಲ್ಲಿ ಐದು ಎಕರೆಯೆಂದಿದ್ದ ಮಿತಿ 1999ರಲ್ಲಿ ಒಂದು ಎಕರೆಗಿಳಿಯಿತು. ಆದರೆ ಅದೇ 1987ರ ತಿದ್ದುಪಡಿಯು ಹೊಲಗಳಿಂದ ಹರಿಯುವ ಮಳೆನೀರನ್ನು ನಿಶ್ಚಿತ ಮೂಲದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು.

2014ರ ಆಗಸ್ಟಿನಲ್ಲಿ ಈರಿ ಸರೋವರದ ತೀರದ ಟೊಲೆಡೊದಲ್ಲಿ ಸುಮಾರು ನಾಲ್ಕು ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಬಾರದೆಂದು ಸಾರಲಾಯಿತು. ಸರೋವರದಲ್ಲಿ ಬೆಳೆದ ಪಾಚಿಯ ವಿಷವು ಕಾಯಿಸಿದರೂ ಹೋಗುವಂಥದಲ್ಲ. ಪಾಚಿಯನ್ನು ಪೋಷಿಸಿದ ರಂಜಕವು ಬಹುಪಾಲು ಮಾಮೀ ನದೀಬಯಲಿನ ಹೊಲಗಳಿಂದ ಬಂದದ್ದು. ಗೊಬ್ಬರ ಹಾಕಿದ ರೈತನು ಆ ಕಾಯಿದೆಯನ್ನು ಮುರಿದವನಲ್ಲ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ.

ದ್ವೇಷವಿಲ್ಲವೆಂದ ಮಾತ್ರಕ್ಕೆ ಹಿಂಸೆಯೂ ಇಲ್ಲವೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದೆ. ಅರಿಯದೆ ಆದದ್ದು ಬೇರೆ. ಮಳೆ ಬರುವುದನ್ನು ಅರಿತೂ ಗೊಬ್ಬರ ಚೆಲ್ಲುವುದು ಬೇರೆ. ತನ್ನ ಪಾಲು ಅತ್ಯಲ್ಪವೆಂಬ ವಾದವನ್ನಂತೂ ವರ್ತಕನಾದ ನಾನು ಒಪ್ಪಲಾರೆ. ಚಿಲ್ಲರೆ ಬಾಕಿಗಳಿಂದಲೇ ಮುಳುಗಿದ ಅಂಗಡಿಗಳನ್ನು ಬಲ್ಲೆ. ಆದರೂ ಹೊಣೆ ರೈತನೊಬ್ಬನದೇ ಅಲ್ಲ; ಅಗ್ಗದ ಧಾನ್ಯವನ್ನು ಬಯಸಿದ ಪೇಟೆಗೆ ಕಾರಿತ, ಅನುಮೋದಿತಗಳ ಪಾಲು ಬರುತ್ತದೆ.

2015ರಲ್ಲಿ ಓಹಾಯೊ ರಾಜ್ಯವು ಆ ಬಯಲಿನಲ್ಲಿ ಹೆಪ್ಪುಗಟ್ಟಿದ ಅಥವಾ ನೀರು ತುಂಬಿದ ನೆಲದ ಮೇಲೆ, ಭಾರೀ ಮಳೆಯ ಮುನ್ಸೂಚನೆಯಿರುವಾಗ, ಗೊಬ್ಬರ ಹರಡುವುದನ್ನು ನಿರ್ಬಂಧಿಸಿತು. ಪ್ರಮಾದಕ್ಕೆ ಕಾಯಿದೆ ಕೊಟ್ಟ ಹೆಸರು ಇದೇ ಎಂದು ನನ್ನ ಭಾವನೆ. ಆದರೆ ಈ ನಿರ್ಬಂಧವು ಯಾವಾಗ ಹರಡಿದೆ ಎಂದು ಕೇಳುತ್ತದೆ. ಎಷ್ಟು ಹರಡಿದೆ ಎಂದು ಕೇಳುವುದಿಲ್ಲ.